ಬೀಫ್ ಸ್ಟ್ರೊಗನಾಫ್: ಮಾಂಸ ಮೆತ್ತಗಾಗುತ್ತಿಲ್ಲ, ಕೆನೆ ಒಡೆಯುತ್ತಿದೆ

ಪ್ರಶ್ನೆ (ಬೇಳ, ಕಾಸರಗೋಡು)

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಹದಿನೆಂಟು ವರ್ಷ ಶಾರ್ಜಾದಲ್ಲಿ ದುಡಿದು ಕಳೆದ ವರ್ಷ ಊರಿಗೆ ಮರಳಿದ್ದಾರೆ. ಅಲ್ಲಿನ ಕ್ಯಾಂಟೀನಿನಲ್ಲಿ ವಾರಕ್ಕೊಮ್ಮೆ ಬಡಿಸುತ್ತಿದ್ದ ಬೀಫ್ ಸ್ಟ್ರೊಗನಾಫ್, ಅಂದರೆ ತೆಳುವಾಗಿ ಸೀಳಿದ ಮಾಂಸಕ್ಕೆ ಅಣಬೆ ಮತ್ತು ಹುಳಿ ಕೆನೆ ಸೇರಿಸಿ ಮಾಡುವ ರಷ್ಯನ್ ಅಡುಗೆ, ಅವರಿಗೆ ಬಹಳ ಇಷ್ಟ. ನಾನು ಎರಡು ಸಲ ಮಾಡಿದೆ, ಎರಡು ಸಲವೂ ಕೆಟ್ಟಿತು. ಮೊದಲ ಸಲ ವೀಡಿಯೊದಲ್ಲಿ ಹೇಳಿದ ಹಾಗೆ ಮಾಂಸವನ್ನು ಎರಡೇ ನಿಮಿಷ ಹುರಿದೆ. ಅಗಿದು ಅಗಿದು ದವಡೆ ನೋಯಿತೇ ಹೊರತು ನುಂಗಲು ಆಗಲಿಲ್ಲ. ಎರಡನೆಯ ಸಲ ಕೆನೆಯ ಬದಲು ಮನೆಯ ಮೊಸರು ಹಾಕಿ ಕುದಿಸಿದೆ. ಅದು ಸಣ್ಣ ಸಣ್ಣ ಬಿಳಿ ಹರಳುಗಳಾಗಿ ಒಡೆದು ನೀರು ಬೇರೆಯಾಯಿತು. ಅಣಬೆಯೂ ನೀರು ಬಿಟ್ಟು ಬೇಯಿಸಿದ ಬಟ್ಟೆಯಂತಾಯಿತು. ಬರುವ ಭಾನುವಾರ ಅವರ ಹುಟ್ಟುಹಬ್ಬ. ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1 (ಉಪ್ಪಳ)

ಅಕ್ಕಾ, ತಪ್ಪು ನಿಮ್ಮ ಕೈಯದಲ್ಲ, ಮಾಂಸದ್ದು. ಎರಡು ನಿಮಿಷ ಹುರಿದರೆ ಸಾಕು ಎನ್ನುವವರು ಎಳೆಯ ಪ್ರಾಣಿಯ ಬೆನ್ನೆಲುಬಿನ ಒಳಬದಿಯ ತುಂಡನ್ನು, ನಮ್ಮ ಅಂಗಡಿಯವರು ಅಂಡರ್‌ಕಟ್ ಎನ್ನುವ ತುಂಡನ್ನು, ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ. ನಮ್ಮ ಕಡೆಯ ಅಂಗಡಿಗಳಿಗೆ ಬರುವುದು ಹೆಚ್ಚಾಗಿ ಬಲಿತ ಕೋಣದ ಮಾಂಸ. ಅದರ ತೊಡೆಯ ತುಂಡೋ ಭುಜದ ತುಂಡೋ ಆದರೆ ನಾರುಗಳನ್ನು ಹಿಡಿದಿಟ್ಟಿರುವ ಕೊಲಾಜನ್ ಕರಗಬೇಕು. ಅದು ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ನೀರಿನ ಸಂಗದಲ್ಲಿ, ಸಾಕಷ್ಟು ಹೊತ್ತು ಹಿಡಿದು ನಡೆಯುವ ಕೆಲಸ. ಎರಡು ನಿಮಿಷದ ಹುರಿತಕ್ಕೆ ಅದು ಬಗ್ಗುವುದಿಲ್ಲ, ಇನ್ನಷ್ಟು ಬಿಗಿಯುತ್ತದೆ.

ನಾನು ಹನ್ನೆರಡು ವರ್ಷ ಹೋಟೆಲ್ ಅಡುಗೆಮನೆಯಲ್ಲಿದ್ದವನು. ಊರಿನಲ್ಲಿ ನಾನು ಮಾಡುವ ಕ್ರಮ ಹೀಗಿದೆ. ಶನಿವಾರವೇ ಅಂಗಡಿಯವರಿಗೆ ಅಂಡರ್‌ಕಟ್ ಎತ್ತಿಡಲು ಹೇಳಿ. ಸಿಕ್ಕರೆ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಸ್ವಲ್ಪ ಗಟ್ಟಿಯಾದ ಮೇಲೆ, ನಾರು ಯಾವ ಕಡೆಗೆ ಓಡುತ್ತದೆ ಎಂದು ನೋಡಿ, ಅದಕ್ಕೆ ಅಡ್ಡವಾಗಿ ಕಿರುಬೆರಳಿನಷ್ಟು ದಪ್ಪಕ್ಕೆ ಕೊಯ್ಯಿರಿ. ಕಾದ ಬಾಣಲೆಯಲ್ಲಿ ಒಂದೊಂದು ಹಿಡಿಯಂತೆ ಹುರಿದು ತಕ್ಷಣ ತೆಗೆಯಿರಿ. ಸಿಗದಿದ್ದರೆ ಭುಜದ ಮಾಂಸವೇ ಸಾಕು, ಆದರೆ ಅದನ್ನು ಸ್ವಲ್ಪ ದಪ್ಪಕ್ಕೇ ಕೊಯ್ದು, ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಅರ್ಧ ಕಿಲೋಗೆ ಒಂದು ಲೋಟ ನೀರು ಸೇರಿಸಿ, ಕುಕ್ಕರಿನಲ್ಲಿ ಒಂದು ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿರಿ. ಉಗುರಿನಿಂದ ಒತ್ತಿದರೆ ನಾರು ಬಿಡಿಸಿಕೊಳ್ಳಬೇಕು. ಆಗದಿದ್ದರೆ ಇನ್ನೂ ಹತ್ತು ನಿಮಿಷ. ಕುಕ್ಕರಿನ ಆ ನೀರನ್ನು ಚೆಲ್ಲಬೇಡಿ, ಸ್ಟ್ರೊಗನಾಫ್‌ನ ರುಚಿಯ ಮುಕ್ಕಾಲು ಪಾಲು ಅದರಲ್ಲೇ ಇರುತ್ತದೆ.

ಉತ್ತರ 2 (ಮಂಜೇಶ್ವರ)

ಮಾಂಸದ ವಿಚಾರವನ್ನು ಅಣ್ಣ ಸರಿಯಾಗಿಯೇ ಹೇಳಿದ್ದಾರೆ. ನಾನು ಅಣಬೆ ಮತ್ತು ಕೆನೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಬಟನ್ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇರುವುದರಿಂದ ಇಡೀ ಪ್ಯಾಕೆಟನ್ನು ಒಮ್ಮೆಗೇ ಸುರಿದರೆ ಅದು ತನ್ನ ನೀರಿನಲ್ಲಿ ತಾನೇ ಬೇಯುತ್ತದೆ. ಅಗಲ ಬಾಣಲೆಯಲ್ಲಿ ದೊಡ್ಡ ಉರಿಯಿಟ್ಟು, ಇನ್ನೂರು ಗ್ರಾಮನ್ನು ಎರಡು ಪಾಲು ಮಾಡಿ, ಒಂದರ ಮೇಲೊಂದು ಬೀಳದಂತೆ ಹರಡಿರಿ. ಉಪ್ಪು ಹಾಕಬೇಡಿ, ಸೌಟು ಆಡಿಸಬೇಡಿ. ಮೊದಲು ಚೊಯ್ ಎಂಬ ಒದ್ದೆ ಸದ್ದು ಬರುತ್ತದೆ. ನೀರು ಇಂಗಿದ ಮೇಲೆ ಅದು ಒಣಗಿ ಚಟಪಟ ಎನ್ನತೊಡಗುತ್ತದೆ. ಅಂಚು ಕಂದಾಗಿ ಬೀಜ ಹುರಿದಂಥ ವಾಸನೆ ಬಂದಾಗ ತೆಗೆಯಿರಿ. ಚಿಪ್ಪಣಬೆಯೂ ಆಗುತ್ತದೆ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ತ್ಯಾಜ್ಯದ ಮೇಲೆಯೇ ಅದನ್ನು ಬೆಳೆಸುವ ಕ್ರಮವನ್ನು ರೂಪಿಸಿದ್ದಾರೆ. ಮಳೆಗಾಲದಲ್ಲಿ ಗುಡ್ಡೆಯಲ್ಲಿ ಏಳುವ ಅಣಬೆಯನ್ನು ಮಾತ್ರ, ಗುರುತಿಸಬಲ್ಲ ಹಿರಿಯರು ಜೊತೆಗಿಲ್ಲದೆ, ದಯವಿಟ್ಟು ಮುಟ್ಟಬೇಡಿ.

ಮೊಸರು ಒಡೆದದ್ದಕ್ಕೆ ಕಾರಣ ಹುಳಿ ಮತ್ತು ಕುದಿ ಎರಡೂ ಕೂಡಿದ್ದು: ಹಾಲಿನ ಪ್ರೋಟೀನು ಬಿಗಿದು ಗಂಟಾಗುತ್ತದೆ. ಕೊಬ್ಬು ಹೆಚ್ಚಿದ್ದಷ್ಟೂ ಅದು ತಡೆಯುತ್ತದೆ. ರಷ್ಯನ್ನರ ಸ್ಮೆಟಾನಾ ಎಂಬ ಹುಳಿ ಕೆನೆ ಮೊಸರಿಗಿಂತ ಎಷ್ಟೋ ಜಿಡ್ಡಿನದು. ಅಂಗಡಿಯ ಡಬ್ಬಿಯ ಕೆನೆಯಲ್ಲಿ ಕೊಬ್ಬು ನೂರಕ್ಕೆ 25ರಷ್ಟು ಇರುತ್ತದೆ. ಅದಕ್ಕೆ ಎರಡು ಚಮಚ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರನ್ನು ಕಲಸಿದರೆ ಹುಳಿಯೂ ಬರುತ್ತದೆ. ಈರುಳ್ಳಿ ಬಾಡಿಸಿ, ಒಂದು ಚಮಚ ಮೈದಾ ಹುರಿದು, ಕುಕ್ಕರಿನ ನೀರು ಹಾಕಿ ಮಂದವಾದ ಮೇಲೆ ಮಾಂಸ, ಅಣಬೆ ಸೇರಿಸಿ, ಉರಿ ಆರಿಸಿ. ಐದು ನಿಮಿಷ ಬಿಟ್ಟು, ಬಿಸಿ ಗ್ರೇವಿಯನ್ನು ಎರಡು ಸೌಟು ಕೆನೆಗೆ ಬೆರೆಸಿ, ಆಮೇಲೆ ಆ ಕೆನೆಯನ್ನು ಪಾತ್ರೆಗೆ ಸುರಿಯಿರಿ. ಮತ್ತೆ ಕುದಿಸಲೇಬೇಡಿ.

ಉತ್ತರ 3 (ಕುಂಬಳೆ)

ಒಂದು ಸೇರ್ಪಡೆ. 1871ರ ರಷ್ಯನ್ ಅಡುಗೆ ಪುಸ್ತಕದಲ್ಲಿ ಅಚ್ಚಾದ ಕ್ರಮದಲ್ಲಿ ಅಣಬೆಯಾಗಲಿ ಈರುಳ್ಳಿಯಾಗಲಿ ಇಲ್ಲ. ಮಾಂಸ, ಬೆಣ್ಣೆ, ಹಿಟ್ಟು, ಸಾರು, ಹುಳಿ ಕೆನೆ ಮತ್ತು ಸಾಸಿವೆ ಮಾತ್ರ. ಹಾಗಾಗಿ ಸಾಸಿವೆಯನ್ನು ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡಬ್ಬಿಯದು ಸಿಗದಿದ್ದರೆ ಒಂದು ಚಮಚ ಸಾಸಿವೆಯನ್ನು ನೆನೆಸಿ ವಿನಿಗರಿನಲ್ಲಿ ನುಣ್ಣಗೆ ಅರೆದು, ಕಹಿ ಇಳಿಯಲು ಒಂದು ರಾತ್ರಿ ಮುಚ್ಚಿಡಿ. ಅದರ ಖಾರ ಕಾವಿಗೆ ಹಾರಿಹೋಗುವುದರಿಂದ ಕೆನೆಯ ಜೊತೆಗೇ ಕೊನೆಯಲ್ಲಿ ಹಾಕಿರಿ.

ಪ್ರಶ್ನೆ ಕೇಳಿದವರು (ಬೇಳ)

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಅಂಡರ್‌ಕಟ್ ಬೇರೆಯವರು ಮೊದಲೇ ಹೇಳಿಟ್ಟಿದ್ದರಂತೆ, ಆದ್ದರಿಂದ ಭುಜದ ಮಾಂಸವನ್ನೇ ತಂದು ಇಂದು ಅರ್ಧ ಅಳತೆಯಲ್ಲಿ ಮಾಡಿ ನೋಡಿದೆ. ಇಪ್ಪತ್ತು ನಿಮಿಷ ಸಾಲಲಿಲ್ಲ, ಮೂವತ್ತು ಬೇಕಾಯಿತು. ಕೆನೆ ಒಡೆಯಲಿಲ್ಲ. ನಾಡಿದ್ದು ಭಾನುವಾರ ಅನ್ನದ ಜೊತೆ ಬಡಿಸಲೇ, ಆಲೂಗಡ್ಡೆಯ ಜೊತೆಗೋ?

ಉತ್ತರ 1 (ಉಪ್ಪಳ)

ರಷ್ಯನ್ನರು ಕಡ್ಡಿಯಂತೆ ಹೆಚ್ಚಿ ಕರಿದ ಆಲೂಗಡ್ಡೆಯ ಜೊತೆ ಬಡಿಸುತ್ತಾರೆ, ಗಲ್ಫಿನ ಕ್ಯಾಂಟೀನುಗಳಲ್ಲಿ ಹೆಚ್ಚಾಗಿ ಅನ್ನದ ಜೊತೆ. ಯಜಮಾನರಿಗೆ ನೆನಪಿರುವುದು ಕ್ಯಾಂಟೀನಿನ ರುಚಿಯಾದ್ದರಿಂದ ಬಿಳಿ ಅನ್ನವನ್ನೇ ಮಾಡಿರಿ, ಅಕ್ಕಾ. ಮಾಂಸವನ್ನು ಶನಿವಾರ ರಾತ್ರಿಯೇ ಬೇಯಿಸಿ ಫ್ರಿಜ್ಜಿನಲ್ಲಿಡಬಹುದು. ಕೆನೆಯನ್ನು ಮಾತ್ರ ಅವರು ಊಟಕ್ಕೆ ಕುಳಿತುಕೊಳ್ಳುವ ಹೊತ್ತಿಗೆ ಸೇರಿಸಿರಿ.