ವಿದ್ಯಾರ್ಥಿಯ ಪಿಟೀಲು ಕಛೇರಿ: 40 ನಿಮಿಷಕ್ಕೆ ಏನೇನು ಹಿಡಿಸುತ್ತೆ?

ಪ್ರಶ್ನೆ: ಮೊದಲ ಸೋಲೋ ಕಛೇರಿ, ಮೃದಂಗ ಇದೆ. ಪಟ್ಟಿ: ಮೋಹನ ರಾಗದ ವರ್ಣ (ಕಛೇರಿ ಶುರುಮಾಡೋ ರಚನೆ) ‘ನಿನ್ನುಕೋರಿ’, ‘ವಾತಾಪಿ ಗಣಪತಿಂ’, ಭೈರವಿ, ಕಲ್ಯಾಣಿ ರಾಗಗಳು, ಕೊನೆಗೆ ಕಾಪಿ ರಾಗದ ‘ಜಗದೋದ್ಧಾರನ’. ಸರಿಹೋಗುತ್ತಾ?

ಉತ್ತರ 1: ಭೈರವಿ, ಕಲ್ಯಾಣಿ ಎರಡೂ ಆಗಲ್ಲ, ಒಂದನ್ನು ಬಿಡಿ. ವರ್ಣ 5, ವಾತಾಪಿ 7, ಕಲ್ಯಾಣಿ ಆಲಾಪನೆ (ತಾಳವಿಲ್ಲದ ರಾಗವಿಸ್ತಾರ), ಕಲ್ಪನಾಸ್ವರ (ಸ್ಥಳದಲ್ಲೇ ಕಟ್ಟೋ ಸ್ವರ) ಸೇರಿ 18, ತನಿ (ಮೃದಂಗ ಒಂದೇ ನುಡಿಯೋ ಭಾಗ) 5, ದೇವರನಾಮ 4. ಶ್ರುತಿ ಸೇರಿಸೋಕೆ ಒಂದು ನಿಮಿಷ ಉಳಿಯುತ್ತೆ, ಅಷ್ಟೇ.
ವರ್ಣದ ಎರಡನೇ ಕಾಲ (ದುಪ್ಪಟ್ಟು ವೇಗ) ಎಷ್ಟು ವೇಗದಲ್ಲಿ ಸ್ಪಷ್ಟವಾಗಿ ಬರುತ್ತೋ ಮೊದಲು ನೋಡಿ, ಅದರ ಅರ್ಧಕ್ಕೆ ಶುರುಮಾಡಿ. ಸಾಮಾನ್ಯವಾಗಿ ಉಲ್ಟಾ ಮಾಡಿ ಚರಣದ ಸ್ವರಗಳಲ್ಲಿ ಸಿಕ್ಕಿಬೀಳ್ತಾರೆ.

ಉತ್ತರ 2: ಪಟ್ಟಿಗಿಂತ ಕಮಾನು ಮುಖ್ಯ. ಸಾಹಿತ್ಯದ ಅಕ್ಷರ ಬದಲಾಗೋ ಕಡೆಯೇ ಕಮಾನು ತಿರುಗಲಿ: ‘ವಾ’ ಪೂರ್ತಿ ಒಂದೇ ಎಳೆತ, ‘ತಾ’ಗೆ ಮುಂದಿನದು. ಸ್ವರಕ್ಕೊಂದು ಕಮಾನು ಹಾಕಿದ್ರೆ ಕೃತಿಯೂ ಸರಳೆ ವರಸೆ (ಮೊದಲ ಪಾಠದ ಸ್ವರಾಭ್ಯಾಸ) ಥರ ಕೇಳುತ್ತೆ.

ಉತ್ತರ 3: ಎಡಗೈ ಬೆರಳ ತುದಿಗೆ ಎಣ್ಣೆ ಒಂದೇ ಹನಿ, ಜಾರು ಸಲೀಸಾಗುತ್ತೆ. ಆ ಕೈ ಕಮಾನಿನ ಕೂದಲಿಗೆ ತಾಗಿದ್ರೆ ಮಾತ್ರ ರೋಸಿನ್ (ಕೂದಲಿಗೆ ಹಚ್ಚೋ ರಾಳ) ಹಿಡಿಯಲ್ಲ, ನಾದ ಸತ್ತುಹೋಗುತ್ತೆ. ವೇದಿಕೆಯ ದೀಪದ ಬಿಸಿಗೆ ತಂತಿಯ ಶ್ರುತಿ ಇಳಿಯುತ್ತೆ. ವರ್ಣ ಆದಮೇಲೆ ಸ-ಪ ತಂತಿಗಳ ಶ್ರುತಿ ನೋಡಿಕೊಳ್ಳಿ. ತಂತಿ ಬಿಗಿಯೋ ಬಿರಡೆಯನ್ನು ಒಳಕ್ಕೆ ಒತ್ತಿ ತಿರುಗಿಸಿ. ಬರೀ ತಿರುಗಿಸಿದ್ರೆ ಆಲಾಪನೆ ನಡುವೆ ಸರ್ರನೆ ಬಿಚ್ಚಿಕೊಳ್ಳುತ್ತೆ.