ಗಣಿತದಲ್ಲಿ 36 ಬಂದಿದೆ, ಮತ್ತೆ ಬರೆದರೆ ಸಿಇಟಿಗೆ ಯಾವ ಅಂಕ? ಸಹಾಯ ಬೇಕು

ಅಣ್ಣಂದಿರೇ, ಅಕ್ಕಂದಿರೇ, ನಮ್ಮದು ಚಿಂಚೋಳಿ ಹತ್ತಿರದ ಹಳ್ಳಿ. ದ್ವಿತೀಯ ಪಿಯು ಪರೀಕ್ಷೆ-1ರಲ್ಲಿ ಪಾಸಾಗಿದ್ದೇನೆ. ಆದರೆ ಭೌತಶಾಸ್ತ್ರ 44, ರಸಾಯನಶಾಸ್ತ್ರ 51, ಗಣಿತ 36. ಮೂರೂ ಕೂಡಿಸಿದರೆ 300ಕ್ಕೆ 131. ಜನರಲ್‌ನವರಿಗೆ ಇಂಜಿನಿಯರಿಂಗ್‌ಗೆ ಶೇ. 45 ಬೇಕು, ಅಂದರೆ 135. ಬರೀ ನಾಲ್ಕು ಅಂಕ! ಇಂಟಿಗ್ರೇಷನ್ ಲೆಕ್ಕ ಅರ್ಧಕ್ಕೇ ಬಿಟ್ಟು ಬಂದಿದ್ದು ಈಗಲೂ ಹೊಟ್ಟೆ ಉರಿಸುತ್ತದೆ.

ಕಲ್ಯಾಣ ಕರ್ನಾಟಕದವರಿಗೆ ಕೊಡುವ 371ಜೆ ಸರ್ಟಿಫಿಕೇಟ್ ಇದೆ. ಅದು ಸೀಟಿನ ಮೀಸಲಾತಿಗೆ, ಈ 45ಕ್ಕೆ ಆಗುವುದಿಲ್ಲವಂತೆ. ಗಣಿತ ಒಂದನ್ನೇ ಪರೀಕ್ಷೆ-2ರಲ್ಲಿ ಬರೆಯಲು ಶುಲ್ಕ ಕಟ್ಟಿದ್ದೇನೆ. ಕಡಿಮೆ ಬಂದರೂ ಹಳೆಯ ಅಂಕ ಉಳಿಯುತ್ತದೆ, ಅದು ಗೊತ್ತು.

ಗೊಂದಲ ಇಲ್ಲಿದೆ. ರ‍್ಯಾಂಕ್‌ಗೆ ಸಿಇಟಿಯ ಅರ್ಧ, ಪಿಯು ಅಂಕದ ಅರ್ಧ ಸೇರಿಸುತ್ತಾರೆ ಅಲ್ವಾ? ಗೆಳೆಯನೊಬ್ಬ ಮೊದಲ ಪರೀಕ್ಷೆಯ ಅಂಕವನ್ನೇ ಹಿಡಿಯುತ್ತಾರೆ ಅನ್ನುತ್ತಾನೆ. ಕಾಲೇಜಿನಲ್ಲಿ ಕೇಳಿದರೆ 'ಆಮೇಲೆ ನೋಡೋಣ' ಅಂದರು. ಅಪ್ಪ ತೊಗರಿ ಮಾರಿದ ದುಡ್ಡು ಫೀಸಿಗೆ ಎತ್ತಿಟ್ಟಿದ್ದಾರೆ, ಸುಮ್ನೆ ಕೂರಲು ಆಗುತ್ತಿಲ್ಲ.

ಪರೀಕ್ಷೆ-2 ಬರೆದು ಸೀಟು ಪಡೆದವರು ಹೇಳಿ: ಹೊಸ ಅಂಕ ಸಿಇಟಿ ನಡೆಸುವ ಕೆಇಎಗೆ ಪಿಯು ಪರೀಕ್ಷಾ ಮಂಡಳಿಯಿಂದ ತಾನಾಗಿ ಹೋಯಿತಾ, ಇಲ್ಲ ನೀವೇ ಪೋರ್ಟಲ್‌ನಲ್ಲಿ ಹಾಕಿದಿರಾ?