ಅಪ್‌ಡೇಟ್: ಟ್ರ್ಯಾಲಿಗೆ ಗುದ್ದಿದ ಕಾರು, ತೀರ್ಪು ಬಂತು

ಕೇಳಿದ್ದು ಇಷ್ಟು: ಸಿಂಧನೂರು ರಸ್ತೆಯಲ್ಲಿ ರಾತ್ರಿ ಲೈಟಿಲ್ಲದೆ ನಿಂತಿದ್ದ ಭತ್ತದ ಟ್ರ್ಯಾಲಿಗೆ ಕಾರು ಹಿಂದಿನಿಂದ ಗುದ್ದಿದರೆ ತಪ್ಪೆಲ್ಲ ಕಾರಿನವರದೇನಾ? ಅಲ್ಲ. ಅಪಘಾತ ಪರಿಹಾರದ ಕೇಸು ಕೇಳುವ ಟ್ರಿಬ್ಯುನಲ್ ಟ್ರ್ಯಾಕ್ಟರಿಗೆ 70%, ಕಾರು ಚಾಲಕನಿಗೆ 30% ಹೊರಿಸಿದೆ.

ಕೇಸು ನಿಂತದ್ದು ಎರಡು ಕಾಗದಗಳ ಮೇಲೆ. ಪೊಲೀಸರ ಸ್ಥಳ ಪಂಚನಾಮೆಯ ನಕ್ಷೆಯಲ್ಲಿ ಟ್ರ್ಯಾಲಿ ಡಾಂಬರಿನ ಮೇಲೆ 6 ಅಡಿ ಒಳಗಿತ್ತು; ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಹಿಂದೆ ರಿಫ್ಲೆಕ್ಟರ್ ಇಲ್ಲವೆಂದಿತ್ತು. ಚಾಲಕನಿಗೆ 30% ಬಿದ್ದದ್ದು ರಸ್ತೆಯಲ್ಲಿ ಬ್ರೇಕಿನ ಗುರುತೇ ಇಲ್ಲದ್ದಕ್ಕೆ. ಪಂಚನಾಮೆ, ನಿರೀಕ್ಷಕರ ವರದಿ ಎರಡರ ದೃಢೀಕೃತ ಪ್ರತಿ ಮೊದಲು ತೆಗೆದಿಟ್ಟುಕೊಳ್ಳಿ.

ಚಾಲಕನ ಪರಿಹಾರ 6 ಲಕ್ಷ ಎಂದಾಯಿತು; 1.80 ಲಕ್ಷ ಕಡಿದು ಕೈಗೆ 4.20 ಲಕ್ಷ. ಹಿಂದಿನ ಸೀಟಿನಲ್ಲಿದ್ದವರಿಗೆ ಮಾತ್ರ ಒಂದು ರೂಪಾಯಿಯೂ ಕಡಿತವಿಲ್ಲ. ಚಾಲಕನ ತಪ್ಪು ಪ್ರಯಾಣಿಕರಿಗೆ ಅಂಟುವುದಿಲ್ಲ. ಎರಡೂ ವಾಹನಗಳ ತಪ್ಪಿದ್ದರೆ ಪೂರ್ತಿ ಮೊತ್ತವನ್ನು ಒಂದೇ ಕಡೆಯಿಂದ ವಸೂಲಿ ಮಾಡಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಆದರೂ ಅರ್ಜಿಯಲ್ಲಿ ಎರಡೂ ವಾಹನಗಳ ಮಾಲೀಕರು, ವಿಮಾ ಕಂಪನಿಗಳನ್ನು ಸೇರಿಸಿರಿ. ಪ್ರಯಾಣಿಕರನ್ನು ರಾಜಿಗೆ ಕರೆದು 30% ಬಿಡಿ ಎಂದರೆ ದಯವಿಟ್ಟು ಸಹಿ ಹಾಕಬೇಡಿ.

ಚಾಲಕನ 30% ಪ್ರಶ್ನಿಸಲು 90 ದಿನ ಇದೆ; ರಾಯಚೂರಿನವರಿಗೆ ಹೈಕೋರ್ಟಿನ ಕಲಬುರಗಿ ಪೀಠ.